ಟೇಪಿಗೂ ಮುಂಚೆ

ಟೇಪಮ್ಮ ಅಂದರೆ ಯಾರು ಎಂದು ಆ ಬೀದಿಯಲ್ಲಿ ಕೇಳಿದರೆ, ಕೇಳಿದವರನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಅವರದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಬಣ್ಣ ಮಾಸಿದ ಒಂದು ಪರದೆ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಅವರ ಕೊರಳಿಗೆ ಅಳತೆ ಟೇಪು ಬೀಳಬೇಕು, ಮಲಗುವಾಗಲೇ ಅದು ಇಳಿಯಬೇಕು. ಒಮ್ಮೆ ಯಾರದೋ ಮದುವೆಗೆ ಹೊಸ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಟೇಪಿನ ಸಮೇತ ಹೋಗಿ ಊಟ ಮುಗಿಸಿ ಬಂದಿದ್ದರು. ಅಂದು ಹುಟ್ಟಿದ ಹೆಸರು ಸ್ವಲ್ಪ ಕಾಲ ಬೆನ್ನ ಹಿಂದೆ ಓಡಾಡಿ, ಆಮೇಲೆ ಧೈರ್ಯ ಮಾಡಿ ಎದುರಿಗೇ ಬಂತು. ಎದುರಂಗಡಿಯ ಇಸ್ತ್ರಿಯವನಂತೂ "ಟೇಪಮ್ಮಕ್ಕಾ" ಎಂದು ಅಮ್ಮನನ್ನೂ ಅಕ್ಕನನ್ನೂ ಸೇರಿಸಿಯೇ ಕರೆಯುತ್ತಿದ್ದ.

ಕೆಲಸದಲ್ಲಿ ಅವರು ಯಾರ ಮುಲಾಜಿಗೂ ಬಗ್ಗುವವರಲ್ಲ. ಹತ್ತಿ ಬಟ್ಟೆ ಯಾರೇ ತರಲಿ, ಮೊದಲು ಅದು ಬಕೆಟ್ಟಿನಲ್ಲಿ ನೆನೆಯಬೇಕು, ಹಗ್ಗದ ಮೇಲೆ ಒಣಗಬೇಕು, ಆಮೇಲೇ ಕತ್ತರಿ. "ನಾಳೆಗೇ ಬೇಕು ಟೇಪಮ್ಮ" ಎಂದು ಗೋಗರೆದವರಿಗೆ, "ನಾಳೆ ನೀವು ಹಾಕ್ಕೊಳ್ಳಿ, ನಾಡಿದ್ದು ಒಗೀರಿ, ಅದರ ಮಾರನೇ ದಿನ ನಿಮ್ಮ ಮಗಳಿಗೆ ಹಾಕಿ. ಅಷ್ಟು ಕುಗ್ಗಿರುತ್ತೆ" ಎನ್ನುತ್ತಿದ್ದರು. ಬಂದವರು ಗೊಣಗಿಕೊಂಡೇ ಬಟ್ಟೆ ಬಿಟ್ಟು ಹೋಗುತ್ತಿದ್ದರು.

ಅವರಿಗೆ ಒಂದು ದೊಡ್ಡ ಹೆಮ್ಮೆ ಇತ್ತು. ಹೆಂಗಸು ಬಸುರಿಯಾದರೆ ಮೊದಲು ತನ್ನ ಟೇಪಿಗೆ ಗೊತ್ತಾಗುತ್ತದೆ, ಆಮೇಲೆ ಗಂಡನಿಗೆ, ಕೊನೆಗೆ ಡಾಕ್ಟರಿಗೆ ಎಂಬುದು ಅವರ ನಂಬಿಕೆ. ಅಳತೆ ತೆಗೆಯುವಾಗ ಸೊಂಟದ ಹತ್ತಿರ ಅವರ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಬಾಯಿಂದ ಒಂದು ಮಾತಿಲ್ಲ. ಬಟ್ಟೆ ಮಾತ್ರ ಪಕ್ಕದ ಹೊಲಿಗೆಯ ಒಳಗೆ ಇನ್ನಷ್ಟು ಅಗಲ ಉಳಿಸಿಕೊಂಡು ಮನೆ ಸೇರುತ್ತಿತ್ತು, ಮುಂದೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು. ಹೊಸದಾಗಿ ಮದುವೆಯಾದವರು ಅಂಗಡಿಯಿಂದ ಬಟ್ಟೆ ತಂದ ಕೂಡಲೇ ಅದನ್ನು ಒಳಮಗ್ಗುಲು ತಿರುಗಿಸಿ ನೋಡುತ್ತಿದ್ದುದು ಅದಕ್ಕೇ. ಹತ್ತರಲ್ಲಿ ಒಂಬತ್ತು ಸಲ ಟೇಪು ನಿಜ ಹೇಳಿರುತ್ತಿತ್ತು. ತಪ್ಪಿದ ಒಂದು ಸಲವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ!

ಇನ್ನೊಂದು ಕಾನೂನು ಕಿಟಕಿಯ ಕೆಳಗಿದ್ದ ಹಳೆಯ ತುಳಿಯುವ ಮೆಷಿನ್ನಿನದು. ಅಂಗಡಿಯ ಬೇರೆ ಎರಡು ಮೆಷಿನ್ನಿಗೆ ಮೋಟಾರು ಬಂದಿತ್ತು. ಇದು ಮಾತ್ರ ಕಾಲಿನಲ್ಲೇ ಓಡುತ್ತಿತ್ತು, ಬಟ್ಟೆಯ ಕತ್ತಿನ ತಿರುವು ಹೊಲಿಯಲು ಅದರಷ್ಟು ಹೇಳಿದ ಮಾತು ಕೇಳುವ ಮೆಷಿನ್ ಇನ್ನೊಂದಿಲ್ಲ. ಬಸುರಿ ಹೆಂಗಸು ಅದರ ಪೆಡಲಿನ ಮೇಲೆ ಕಾಲಿಡಕೂಡದು. ಕೆಲಸಕ್ಕೆ ಬಂದ ಹುಡುಗಿಯರು ಯಾಕೆ ಎಂದು ಕೇಳಿದರೆ, "ನನ್ನ ಅಂಗಡಿ, ನನ್ನ ಕಾನೂನು" ಎಂದು ಮುಖ ತಿರುಗಿಸುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಅವರ ಸೊಸೆ ಮೊದಲು ಬಂದದ್ದು ಕೆಲಸ ಕಲಿಯಲು. ಸಣ್ಣ ಮೈಕಟ್ಟು, ಚುರುಕು ಕೈ, ಮಾತು ಕಡಿಮೆ. ಟೇಪಮ್ಮ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟರು. ಅವಳು ಬಂದ ಮೇಲೆ, ವ್ಯಾನು ಓಡಿಸುತ್ತಿದ್ದ ಅವರ ಮಗನಿಗೆ ಮಧ್ಯಾಹ್ನ ಮನೆಯಲ್ಲೇ ಊಟ ಮಾಡಬೇಕೆಂಬ ಆಸೆ ಹುಟ್ಟಿತು. ವರ್ಷಗಟ್ಟಲೆ ಹೊರಗೆ ತಿಂದವನು! ದಿನಾ ಬರುವಾಗ ಅಂಗಿಯ ಗುಂಡಿ ಕಿತ್ತುಕೊಂಡು ಬರುತ್ತಿದ್ದ, ಗುಬ್ಬಿ ಹೊಲಿದು ಕೊಡುತ್ತಿದ್ದಳು. "ಲೋ, ಇನ್ನೊಂದು ಗುಂಡಿ ಕಿತ್ರೆ ಅಂಗೀನೇ ಉಳಿಯಲ್ಲ ಕಣೋ. ನೇರವಾಗಿ ಕೇಳು ಅವಳನ್ನ" ಎಂದು ತಾಯಿಯೇ ಹೇಳಬೇಕಾಯಿತು. ಮದುವೆಯಾಯಿತು. ಅತ್ತೆ ಸೊಸೆ ದಿನವಿಡೀ ಒಂದೇ ಕೋಣೆಯಲ್ಲಿ, ಒಂದೇ ಸೂಜಿಡಬ್ಬಿಗೆ ಕೈ ಹಾಕಿಕೊಂಡು ಇದ್ದರು. ಟೇಪಮ್ಮನಿಗೆ ಅವಳೆಂದರೆ ಪಂಚಪ್ರಾಣ. ಅದನ್ನು ಬಾಯಿಬಿಟ್ಟು ಹೇಳದೆ ಸದಾ ಬೈಯುತ್ತಿದ್ದರು, ಅಷ್ಟೇ.

ಮದುವೆಯ ಎರಡನೇ ವರ್ಷ ಗುಬ್ಬಿ ದಪ್ಪಗಾಗತೊಡಗಿದಳು. ಮುಖ ಊದಿದ ಹಾಗೆ ತುಂಬಿಕೊಂಡಿತು. ಮಧ್ಯಾಹ್ನ ಗುಂಡಿಗಳಿಗೆ ಕಾಜಾ ಹಾಕುತ್ತಾ ಕೂತಲ್ಲೇ ತೂಕಡಿಸುತ್ತಿದ್ದಳು. ಸುಡುವ ಬಿಸಿಲಿನಲ್ಲೂ ಶಾಲು ಹೊದೆಯುತ್ತಿದ್ದಳು. "ಅಕ್ಕಾ, ನಿಮ್ಮ ಗುಬ್ಬಿ ಪಾರಿವಾಳ ಆಗ್ತಿದ್ಯಲ್ಲ" ಎಂದ ಇಸ್ತ್ರಿಯವನು. "ನಿನ್ನ ಇಸ್ತ್ರಿ ನೀನು ನೋಡ್ಕೋ, ಬಟ್ಟೆ ಸುಟ್ಟೀತು" ಎಂದರೂ ಟೇಪಮ್ಮನ ಮನಸ್ಸಿನಲ್ಲಿ ಆಸೆ ಕಣ್ಣು ಬಿಟ್ಟಿತ್ತು. ಸೊಸೆಗೆ ಎರಡು ತಿಂಗಳಿಂದ ಮುಟ್ಟಾಗಿಲ್ಲ ಎಂಬುದು ಒಂದೇ ಮನೆಯಲ್ಲಿದ್ದ ಅವರಿಗೆ ಗೊತ್ತಿತ್ತು.

ಒಂದು ದಿನ ಹೊಸ ಬಟ್ಟೆಗೆಂದು ಅವಳನ್ನು ನಿಲ್ಲಿಸಿ ಅಳತೆ ತೆಗೆದರು. ಸೊಂಟದ ಹತ್ತಿರ ಕೈ ನಿಂತಿತು. ಬೇರೆ ಯಾರದೋ ಸೊಂಟವಾಗಿದ್ದರೆ ಬಾಯಿಗೆ ಬೀಗ ಬೀಳುತ್ತಿತ್ತು. ಇದು ಅವರ ಗುಬ್ಬಿ.

"ಆಯ್ತು ಕಣೇ! ನನ್ನ ಟೇಪು ಹೇಳ್ತು!"

"ಇಲ್ಲ ಅತ್ತೆ, ಇರ್ಲಿಕ್ಕಿಲ್ಲ. ನಂಗೆ ಯಾವಾಗ್ಲೂ ಹಿಂದೆ ಮುಂದೆ ಆಗ್ತಾನೇ ಇರುತ್ತೆ..."

ಆ ಮಾತು ಮುಗಿಯುವ ಹೊತ್ತಿಗೆ ಟೇಪಮ್ಮ ಬೀದಿಯಲ್ಲಿದ್ದರು. ಇಸ್ತ್ರಿಯವನಿಗೆ ಹೇಳಿದರು. ಔಷಧಿ ಅಂಗಡಿಯ ಹೆಂಗಸಿಗೆ ಹೇಳಿದರು. ಬಟ್ಟೆ ತೆಗೆದುಕೊಳ್ಳಲು ಬಂದ ಮೇಷ್ಟ್ರಮ್ಮನ ಕೈಗೆ ಬಟ್ಟೆಗೆ ಮುಂಚೆ ಸಿಹಿ ಕೊಟ್ಟರು. ಸಂಜೆಯ ಹೊತ್ತಿಗೆ ಗುರುತಿಲ್ಲದವರೂ ಅಂಗಡಿಯೊಳಗೆ ಇಣುಕಿ ಗುಬ್ಬಿಯನ್ನು ನೋಡಿ ನಕ್ಕು ಹೋಗುತ್ತಿದ್ದರು. ಮಗ ವ್ಯಾನಿನ ಹಾರನ್ ಯಾವ ಕಾರಣವೂ ಇಲ್ಲದೆ ಬಾರಿಸಿದ. ಅಷ್ಟು ಜನರ ಸಂತೋಷದ ಎದುರು ಗುಬ್ಬಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇರಬಹುದೇನೋ ಎಂದು ಅವಳೂ ನಂಬತೊಡಗಿದಳು, ಪಾಪ.

ಅವಳನ್ನು ತುಳಿಯುವ ಮೆಷಿನ್ನಿನಿಂದ ಅಂದೇ ಎಬ್ಬಿಸಿದರು. ಬೆನ್ನಿಗೆ ದಿಂಬು, ನಿಂತರೆ "ಕೂತ್ಕೋ", ಕೂತರೆ "ಮಲಕ್ಕೋ". ಡಾಕ್ಟರ ಮಾತು ಬಂದಾಗ, "ಈಗ್ಲೇ ಯಾಕೆ? ಹೊಟ್ಟೆ ಕಾಣ್ಲಿ, ಆಮೇಲೆ ಹೋದ್ರಾಯ್ತು. ಎಲ್ಲರೂ ಹೋಗೋದು ಆಗಲೇ" ಎಂದರು.

ಕೆಲವು ದಿನ ಕಳೆದ ಮೇಲೆ ಟೇಪಮ್ಮ ದಾರದ ಉಂಡೆ ತರಲು ಮಾರುಕಟ್ಟೆಗೆ ಹೋಗಿದ್ದರು. ವಾಪಸು ಬರುವಾಗ ಬೀದಿಯ ತಿರುವಿನಲ್ಲೇ ಆ ಸದ್ದು ಕೇಳಿತು. ಕಟ ಕಟ ಕಟ. ಹಳೆಯ ಮೆಷಿನ್ನಿನ ಪೆಡಲಿನ ಸದ್ದನ್ನು ಅವರು ನಿದ್ದೆಯಲ್ಲೂ ಗುರುತಿಸುವವರು. ಓಡಿ ಬಂದರು. ಗುಬ್ಬಿ ಕಿಟಕಿಯ ಕೆಳಗೆ ಕೂತು ಮೇಷ್ಟ್ರಮ್ಮನ ಇನ್ನೊಂದು ರವಿಕೆಗೆ ಕತ್ತು ಕೂರಿಸುತ್ತಿದ್ದಳು. ಸುಮ್ಮನೆ ಕೂತು ಕೂತು ಬೇಜಾರಾಗಿತ್ತು, ಅಷ್ಟೇ. "ಏಳೇ ಮೇಲೆ!" ಎಂದು ಕೂಗಿ ಎಬ್ಬಿಸಿದರು. ಅದೇ ಸಂಜೆ ಗುಬ್ಬಿ ಬಚ್ಚಲಿನಿಂದ ಹೊರಗೆ ಬಂದು ಗೋಡೆ ಹಿಡಿದು ನಿಂತಳು.

"ಅತ್ತೆ, ರಕ್ತ..."

ಟೇಪಮ್ಮ ಓಡಿ ಹೋಗಿ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. ನಿಂತಲ್ಲೇ ನಿಂತು, ತಮ್ಮದೇ ಅಲ್ಲದ ದನಿಯಲ್ಲಿ ಹೇಳಿಬಿಟ್ಟರು:

"ತುಳಿದ್ಯಲ್ಲೇ! ತುಳಿದು ತುಳಿದು ಕಳಕೊಂಡ್ಯಲ್ಲೇ!"

ಗುಬ್ಬಿಯ ಮುಖದಲ್ಲಿ ರಕ್ತದ ಹನಿ ಉಳಿಯಲಿಲ್ಲ. ವ್ಯಾನಿನ ಕೀಲಿ ಕೈಯಲ್ಲಿ ಹಿಡಿದು ಒಳಗೆ ಬಂದ ಮಗ, ತಾಯಿಯನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡಿದ. "ಏನಮ್ಮಾ ಹಾಗಂತೀಯಾ!" ಎಂದು ಗದರಿ ಹೆಂಡತಿಯ ಹತ್ತಿರ ಹೋದ. ಆ ಮನೆಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಅವನು ಮಾತಾಡಿದ್ದು ಅದೇ ಮೊದಲು.

ಬೆಳಿಗ್ಗೆ ಹೆರಿಗೆ ಆಸ್ಪತ್ರೆಗೆ ಹೋದರು. ವ್ಯಾನಿನಲ್ಲಿ ಗುಬ್ಬಿ ಅತ್ತೆಯ ಕಡೆ ತಿರುಗಲೇ ಇಲ್ಲ. ಹಸಿರು ಬಣ್ಣ ಬಳಿದ ಗೋಡೆ, ಉದ್ದ ಬೆಂಚು, ಸಾಲಾಗಿ ಹೊಟ್ಟೆ ಹೊತ್ತ ಹೆಂಗಸರು. ಟೇಪಮ್ಮನ ಕಣ್ಣಿಗೆ ಆ ಹೊಟ್ಟೆಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಡಾಕ್ಟರಮ್ಮ ಪರೀಕ್ಷೆ ಮಾಡಿದರು, ಸ್ಕ್ಯಾನು ಮಾಡಿದರು, ರಕ್ತ ತೆಗೆಸಿದರು. ಮಗ ವ್ಯಾನಿನ ಕೆಲಸಕ್ಕೆ ಹೋಗಿದ್ದಾಗ ರಕ್ತದ ಫಲಿತಾಂಶ ಬಂತು. ಅತ್ತೆ ಸೊಸೆ ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು.

"ನೋಡಮ್ಮ, ಏನೂ ಕಳಕೊಂಡಿಲ್ಲ ನೀನು. ಗರ್ಭ ನಿಂತೇ ಇರ್ಲಿಲ್ಲ. ಇದು ತಡವಾಗಿ ಬಂದ ಮುಟ್ಟು ಅಷ್ಟೇ."

ಗುಬ್ಬಿ ಅತ್ತಳು. ಅದು ಸಮಾಧಾನವೋ ದುಃಖವೋ ಅವಳಿಗೇ ತಿಳಿಯಲಿಲ್ಲ. ಟೇಪಮ್ಮನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಇಡೀ ಬೀದಿಗೆ ಸಿಹಿ ಹಂಚಿದ್ದರು!

"ನಿನ್ನ ಥೈರಾಯ್ಡ್ ಸರಿಯಾಗಿ ಕೆಲಸ ಮಾಡ್ತಿಲ್ಲ" ಎಂದರು ಡಾಕ್ಟರಮ್ಮ. "ದಪ್ಪ ಆಗಿದ್ದು, ನಿದ್ದೆ, ಚಳಿ, ಮುಟ್ಟು ಏರುಪೇರು, ಎಲ್ಲ ಅದರದೇ. ರಕ್ತಾನೂ ಕಮ್ಮಿ ಇದೆ. ಇದನ್ನ ಹೀಗೇ ಬಿಟ್ಟು ಬಸುರಿಯಾಗಿದ್ರೆ ನಿಂಗೂ ಮಗುವಿಗೂ ತೊಂದರೆ ಆಗ್ತಿತ್ತು. ಮುಂಚೇನೇ ಬಂದಿದ್ದು ಒಳ್ಳೇದಾಯ್ತು."

"ಮುಂಚೆ ಎಲ್ಲಿ ಬಂದ್ವಿ ಡಾಕ್ಟ್ರೇ? ಹೋಯ್ತು ಅಂತ ಬಂದ್ವಿ" ಎಂದರು ಟೇಪಮ್ಮ.

"ಯಾಕಾದ್ರೂ ಬಂದ್ರಲ್ಲ! ಹೊರಗಡೆ ಕೂತವರಲ್ಲಿ ಯಾರೂ ಮುಂಚೆ ಬಂದವರಲ್ಲ. ಮಗು ಬೇಕು ಅಂತ ಮನಸ್ಸು ಮಾಡಿದಾಗ್ಲೇ ಒಂದು ಸಲ ಬಂದು ತೋರಿಸ್ಕೊಂಡ್ರೆ ಎಷ್ಟೋ ತಾಪತ್ರಯ ತಪ್ಪುತ್ತೆ."

"ಇಲ್ಲದ ಮಗುವಿಗೆ ಡಾಕ್ಟರಾ?" ಟೇಪಮ್ಮನಿಗೆ ಅರ್ಥವೇ ಆಗಲಿಲ್ಲ.

ಬೆಳಗಿನಿಂದ ತುಟಿ ಬಿಚ್ಚದ ಗುಬ್ಬಿ ಆಗ ಬಾಯಿ ಬಿಟ್ಟಳು. "ಬಟ್ಟೆ ನೆನೆಸದೆ ಕತ್ತರಿ ಹಾಕ್ತೀರಾ ಅತ್ತೆ ನೀವು?" ಎಂದಳು, ಮುಖ ನೋಡದೆ.

ಡಾಕ್ಟರಮ್ಮ ಮೂರು ಬಗೆಯ ಮಾತ್ರೆ ಮುಂದಿಟ್ಟರು. ಒಂದು ಥೈರಾಯ್ಡಿನದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಒಂದು ರಕ್ತ ಹೆಚ್ಚಲು, ರಾತ್ರಿ ಊಟದ ಮೇಲೆ. ಇನ್ನೊಂದು ಸಣ್ಣದು, ಫೋಲಿಕ್ ಆಸಿಡ್. "ಇದನ್ನ ಈಗಿಂದ್ಲೇ ಶುರು ಮಾಡು. ಮಗುವಿನ ಬೆನ್ನುಹುರಿ ಮುಚ್ಕೊಳ್ಳೋದು ತೀರಾ ಮೊದಲಲ್ಲೇ. ಎಷ್ಟೋ ಹೆಂಗಸರಿಗೆ ತಾನು ಬಸುರಿ ಅಂತ ಗೊತ್ತಾಗೋ ಹೊತ್ತಿಗೆ ಅದು ಮುಗಿದೇ ಹೋಗಿರುತ್ತೆ."

ಟೇಪಮ್ಮನ ಕೈ ಕೊರಳಿನ ಟೇಪನ್ನು ಹಿಡಿದುಕೊಂಡಿತು. "ಮುಚ್ಕೊಳ್ಳದೇ ಹೋದ್ರೆ?"

"ಕೆಲವು ಮಕ್ಕಳು ಬೆನ್ನು ತೆರ್ಕೊಂಡೇ ಹುಟ್ತವೆ. ಎಲ್ಲಾನೂ ತಡೆಯೋಕೆ ಆಗಲ್ಲ, ಆದ್ರೆ ಈ ಮಾತ್ರೆ ತಗೊಂಡ್ರೆ ತುಂಬಾ ಕಮ್ಮಿ ಆಗುತ್ತೆ."

"ಮೆಷಿನ್ ತುಳಿದ್ರೆ ಹಾಗಾಗುತ್ತಾ ಡಾಕ್ಟ್ರೇ?"

"ಯಾವ ಮೆಷಿನ್?"

"ಹೊಲಿಗೆ ಮೆಷಿನ್. ಕಾಲಲ್ಲಿ ತುಳಿಯೋದು."

ಡಾಕ್ಟರಮ್ಮ ನಗಲು ಹೊರಟವರು, ಎದುರಿಗಿದ್ದ ಮುಖ ನೋಡಿ ನಗಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಇಲ್ಲಮ್ಮ. ಮೆಷಿನ್ ತುಳಿದು ಯಾವ ಮಗುವಿನ ಬೆನ್ನೂ ತೆರ್ಕೊಳ್ಳಲ್ಲ. ಅದು ತಾಯಿಯ ತಪ್ಪೇ ಅಲ್ಲ. ಯಾರು ಹೇಳಿದ್ರು ನಿಮಗೆ?"

"ಎಲ್ಲರೂ" ಎಂದರು ಟೇಪಮ್ಮ.

ಹೊರಗೆ ಆಸ್ಪತ್ರೆಯ ಅಂಗಳದಲ್ಲಿ, ಮಗ ವ್ಯಾನು ತರುವುದನ್ನು ಕಾಯುತ್ತಾ ಇಬ್ಬರೂ ಕಟ್ಟೆಯ ಮೇಲೆ ಕೂತರು. ಟೇಪಮ್ಮ ಟೇಪನ್ನು ಕೊರಳಿಂದ ತೆಗೆದು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಮಗನಿಗೂ ಹೇಳದ ವಿಷಯವನ್ನು ಸೊಸೆಗೆ ಹೇಳಿದರು.

"ಇವನಿಗಿಂತ ಮುಂಚೆ ಒಂದು ಹೆಣ್ಣುಮಗು ಇತ್ತು ಕಣೇ ನಂಗೆ. ಬೆನ್ನು ಮುಚ್ಚಿರ್ಲಿಲ್ಲ. ಬೆಳಿಗ್ಗೆ ಹುಟ್ತು, ಸಂಜೆಗೆ ಇಲ್ಲ. ಆಗ ಹೊಸ ಮೆಷಿನ್ನು, ಬಸುರಿಯಾದ್ರೂ ಹಗಲೆಲ್ಲ ತುಳೀತಿದ್ದೆ. ನಮ್ಮತ್ತೆ ಬಾಗಿಲಲ್ಲೇ ನಿಂತು ಹೇಳಿದ್ರು, ತುಳಿದ್ಯಲ್ಲೇ, ತುಳಿದು ತುಳಿದು ಮಗು ಬೆನ್ನು ಒಡೆದ್ಯಲ್ಲೇ ಅಂತ. ಇಷ್ಟು ವರ್ಷ ಹೌದು ಅಂತಾನೇ ಅಂದ್ಕೊಂಡಿದ್ದೆ. ನಾನೇ ಕೊಂದೆ ಅಂತಾನೇ. ನಿನ್ನೆ ಅದೇ ಮಾತು ನನ್ನ ಬಾಯಲ್ಲಿ ಬಂತು. ಅದೇ ಮಾತು! ನನ್ನ ನಾಲಿಗೆಗೆ ಬೆಂಕಿ ಹಾಕ."

ಅಂಗಳದಲ್ಲಿ ಯಾರೋ ಹಸುಗೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹಾದು ಹೋದರು.

"ನಂಗೆ ಸಿಟ್ಟಿದೆ ಅತ್ತೆ" ಎಂದಳು ಗುಬ್ಬಿ. "ತುಂಬಾ ಇದೆ. ಇವತ್ತೇ ಹೋಗಲ್ಲ."

"ಇರ್ಲಿ ಕಣೇ. ಇರಬೇಕಾದ್ದೇ."

"ಇನ್ನು ಮೇಲೆ ನಾನಾಗಿ ಕೇಳೋವರೆಗೂ ನನ್ನ ಸೊಂಟಕ್ಕೆ ಟೇಪು ತರಬೇಡಿ."

"ಆಣೆ ಮಾಡ್ತೀನಿ, ತರಲ್ಲ."

ಆಮೇಲೆ ಗುಬ್ಬಿಯೇ ಕೇಳಿದಳು. "ಹೇಗಿತ್ತು ಅತ್ತೆ, ಆ ಮಗು?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. "ತಲೆ ತುಂಬಾ ಕೂದಲಿತ್ತು" ಎಂದು ಹೇಳಿ, ಟೇಪಮ್ಮ ಆಸ್ಪತ್ರೆಯ ಅಂಗಳ ಎಂದೂ ನೋಡದೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಸಿಟ್ಟಿದ್ದರೂ ಗುಬ್ಬಿ ಅವರ ಕೈ ಹಿಡಿದುಕೊಂಡಳು.

ಮರುದಿನದಿಂದ ಟೇಪಮ್ಮನಿಗೆ ಹೊಸ ಕೆಲಸ ಬಂತು. ಸಿಹಿ ಕೊಟ್ಟ ಪ್ರತಿಯೊಂದು ಬಾಗಿಲಿಗೂ ಹೋಗಿ, "ತಪ್ಪು ನನ್ನದು, ನನ್ನ ಟೇಪಿನದು. ಹುಡುಗಿಯದಲ್ಲ. ಅವಳನ್ನ ಏನೂ ಕೇಳಬೇಡಿ" ಎಂದು ಹೇಳಿ ಬಂದರು. ಅಷ್ಟು ಗತ್ತಿನ ಹೆಂಗಸು ತಲೆ ತಗ್ಗಿಸಿದ್ದನ್ನು ಆ ಬೀದಿ ಕಂಡಿರಲಿಲ್ಲ. ಏನಾದರೂ ಕಿಚಾಯಿಸಬೇಕೆಂದು ಬಾಯಿ ತೆರೆದ ಇಸ್ತ್ರಿಯವನು, ಅವರ ಮುಖ ನೋಡಿ, "ಚಾ ಕುಡೀರಿ ಅಕ್ಕಾ" ಎಂದಷ್ಟೇ ಹೇಳಿದ.

ಗುಬ್ಬಿಯ ಮಾತ್ರೆಗೆ ಅವರೇ ಕಾವಲುಗಾರ್ತಿಯಾದರು. ಬೆಳಿಗ್ಗೆ ಅವಳು ಕಣ್ಣು ಬಿಡುವ ಮುಂಚೆ ನೀರಿನ ಲೋಟ ತಲೆಯ ಹತ್ತಿರ ಇರುತ್ತಿತ್ತು. ಮಾತ್ರೆ ನುಂಗಿದ ಕೂಡಲೇ ಚಾ ಕೇಳಿದರೆ, "ಸ್ವಲ್ಪ ತಡಿ, ಖಾಲಿ ಹೊಟ್ಟೆ ಅಂದ್ರೆ ಖಾಲಿ ಹೊಟ್ಟೆ" ಎಂದು ಚಾ ಪಾತ್ರೆಯನ್ನೇ ಮರೆ ಮಾಡುತ್ತಿದ್ದರು. ಗಂಡನನ್ನೂ ಕರೆದುಕೊಂಡು ಬರಲು ಡಾಕ್ಟರಮ್ಮ ಹೇಳಿದ್ದರು. ಅವನು "ಹೆಂಗಸರ ವಿಷಯ, ನಾನ್ಯಾಕೆ" ಎಂದ. "ಮಗು ಏನು ಅವಳೊಬ್ಬಳದೇನೋ? ನಡಿಯೋ ಮುಂದೆ!" ಎಂದು ತಾಯಿ ತಳ್ಳಿಕೊಂಡೇ ಹೋದರು. ಸಿಗರೇಟು ಬಿಡಬೇಕು ಎಂಬ ತೀರ್ಪು ಹೊತ್ತುಕೊಂಡು ಅವನು ಹೊರಬಂದ. ಇಸ್ತ್ರಿಯವನು ಅವನ ಉಳಿದ ಪ್ಯಾಕೆಟ್ಟನ್ನು ಬಹಳ ಸಂತಾಪದಿಂದ ಸ್ವೀಕರಿಸಿದ.

ಮದುವೆ ಬಟ್ಟೆ ಹೊಲಿಸಲು ಬಂದ ಹುಡುಗಿಯರ ಗತಿ ಕೇಳಲೇಬೇಡಿ. ಕತ್ತಿನ ಅಳತೆ, ತೋಳಿನ ಅಳತೆ ಆದ ಮೇಲೆ ಮೆಲ್ಲನೆ, "ಮಗು ಬೇಕು ಅನ್ನಿಸಿದಾಗ ಮೊದಲು ಡಾಕ್ಟರ ಹತ್ರ ಹೋಗಿ ಬಾ" ಎನ್ನುತ್ತಿದ್ದರು. "ಅಯ್ಯೋ, ನಂಗಿನ್ನೂ ಮದುವೆನೇ ಆಗಿಲ್ಲ!" ಎಂದು ಒಬ್ಬಳು ಕಿರುಚಿದಳು. "ಬಟ್ಟೇನೂ ಇನ್ನೂ ಆಗಿಲ್ಲ ಕಣಮ್ಮ, ಆದ್ರೂ ನೆನೆಹಾಕಿದೀನಿ ತಾನೆ?" ಎಂದರು ಟೇಪಮ್ಮ. ಹುಡುಗಿಯ ತಾಯಿ ಮುಖ ಗಂಟಿಕ್ಕಿಕೊಂಡು ಹೋದಳು. ಮುಂದಿನ ಸಲ ಬಂದಾಗ ಅದೇ ತಾಯಿ ತನ್ನ ದೊಡ್ಡ ಮಗಳನ್ನು ಯಾವ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಪಿಸುದನಿಯಲ್ಲಿ ಕೇಳಿದಳು.

ಗುಬ್ಬಿಯ ಮುಖದ ಊತ ಇಳಿಯಿತು, ಶಾಲು ಪೆಟ್ಟಿಗೆ ಸೇರಿತು, ನಗು ವಾಪಸು ಬಂತು. ಮತ್ತೆ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಈಗ ಧೈರ್ಯವಾಗಿ ಮಗುವಿನ ಯೋಚನೆ ಮಾಡಬಹುದು ಎಂದರು. ಅತ್ತೆಯೊಡನೆ ಮಾತು ಮೊದಲಿನ ಹಾಗೆಯೇ ನಡೆಯುತ್ತಿತ್ತು. ಆದರೆ ಎರಡು ವಿಷಯ ಹಾಗೇ ಉಳಿದಿದ್ದವು. ಅವಳು ಟೇಪಿನ ಮುಂದೆ ನಿಲ್ಲುತ್ತಿರಲಿಲ್ಲ. ಕಿಟಕಿಯ ಕೆಳಗಿನ ಮೆಷಿನ್ನನ್ನು ಮುಟ್ಟುತ್ತಿರಲಿಲ್ಲ. ಟೇಪಮ್ಮ ದಿನಾ ಆ ಮೆಷಿನ್ನಿನ ಧೂಳು ಒರೆಸಿ, ಎಣ್ಣೆ ಬಿಟ್ಟು, ಅವಳ ಕಡೆ ಒಮ್ಮೆ ನೋಡಿ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಕೇಳಲು ಬಾಯಿ ತುರಿಸುತ್ತಿತ್ತು. ಕೇಳಲಿಲ್ಲ. ಈ ಹೆಂಗಸು ಅಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದರು ಎಂದರೆ ಅವರನ್ನು ಬಲ್ಲವರು ಯಾರೂ ನಂಬಲಾರರು.

ಹಾಗಿರುವಾಗ ಒಂದು ದಿನ ಬೆಳಿಗ್ಗೆ ಗಂಡ ಹೆಂಡತಿ ಎಲ್ಲಿಗೋ ಹೋಗಿ ಬಂದರು. ಎಲ್ಲಿಗೆ ಎಂದು ಹೇಳಲಿಲ್ಲ. ಮಗ ವ್ಯಾನಿನಲ್ಲೇ ಕೂತಿದ್ದ, ಮುಖ ತುಂಬಾ ನಗು, ಕೈ ಹಾರನ್ನಿನ ಮೇಲೆ. ಗುಬ್ಬಿ ಅವನಿಗೆ ಕಣ್ಣಲ್ಲೇ ಬೇಡ ಎಂದು ಹೇಳಿ ಒಳಗೆ ಬಂದಳು. ಟೇಪಮ್ಮ ಮೇಜಿನ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಗುಬ್ಬಿ ಅವರೆದುರು ಬಂದು ನಿಂತು ಎರಡೂ ತೋಳು ಮೇಲಕ್ಕೆತ್ತಿದಳು.

"ಅಳತೆ ತಗೊಳ್ಳಿ ಅತ್ತೆ."

ಟೇಪಮ್ಮ ಸೀಮೆಸುಣ್ಣ ಕೆಳಗಿಟ್ಟರು. ಟೇಪನ್ನು ಸೊಂಟದ ಸುತ್ತ ತಂದರು, ನೋಡಿದರು, ಮತ್ತೆ ನೋಡಿದರು. ಹಳೆಯ ಅಳತೆಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಏನೂ ಹೇಳ್ತಿಲ್ಲ ಕಣೇ ಇದು" ಎಂದರು ಮೆಲ್ಲಗೆ.

"ಡಾಕ್ಟರಮ್ಮ ಹೇಳಿದ್ರು" ಎಂದಳು ಗುಬ್ಬಿ. "ಈ ಸಲ ನಿಮ್ಮ ಟೇಪಿಗಿಂತ ಮುಂಚೆ ಅವರಿಗೆ ಗೊತ್ತಾಯ್ತು. ಎಲ್ಲ ಸರಿಯಾಗಿದೆಯಂತೆ."

ಟೇಪಮ್ಮ ಬೀದಿಗೆ ಓಡಲಿಲ್ಲ. ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಕೆನ್ನೆಗೆ ಸೀಮೆಸುಣ್ಣ ಹತ್ತಿತು. ಗುಬ್ಬಿ ನಕ್ಕು, ಬಿಡಿಸಿಕೊಂಡು, ಚೂರುಬಟ್ಟೆಯ ಗಂಟಿನಿಂದ ಮೆತ್ತನೆಯ ಬಿಳಿ ತುಂಡೊಂದನ್ನು ಆರಿಸಿ ತೆಗೆದಳು. "ಇದು ನೆನೆಸಿದ್ದು ತಾನೆ?" ಎಂದು ಕೇಳಿ, ಕಿಟಕಿಯ ಹತ್ತಿರ ಹೋಗಿ ಹಳೆಯ ಮೆಷಿನ್ನಿನ ಮುಂದೆ ಕೂತಳು. ಪೆಡಲಿನ ಮೇಲೆ ಕಾಲಿಟ್ಟಳು.

'ಏಳೇ' ಎಂಬ ಮಾತು ಟೇಪಮ್ಮನ ಗಂಟಲವರೆಗೆ ಬಂತು. ಅಷ್ಟು ವರ್ಷ ಅಲ್ಲೇ ಮನೆ ಮಾಡಿಕೊಂಡಿದ್ದ ಮಾತು ಅದು. ಗುಬ್ಬಿ ಕಾಲನ್ನು ಹಾಗೇ ಇಟ್ಟುಕೊಂಡು, ತಿರುಗಿ ಅವರನ್ನೇ ನೋಡುತ್ತಿದ್ದಳು.

ಟೇಪಮ್ಮ ಹತ್ತಿರ ಬಂದರು. ಕನ್ನಡಕ ಸರಿ ಮಾಡಿಕೊಂಡು, ಬಿಳಿ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬಗ್ಗಿ ಸೂಜಿಗೆ ಪೋಣಿಸಿ ಕೊಟ್ಟರು.

"ತುಳಿ ಮಗಳೇ" ಎಂದರು.